ಜಗಳೂರಿನಿಂದ ಬಿ.ಎಸ್ಸಿ. ನರ್ಸಿಂಗ್‌ಗೆ: ಕಾಲೇಜು ಆರಿಸುವುದು ಹೇಗೆ, ಓದಿ ಮುಗಿಸುವುದು ಹೇಗೆ?

ಜಗಳೂರಿನ ಹುಡುಗಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಜಗಳೂರು ತಾಲ್ಲೂಕಿನ ಹಳ್ಳಿಯವಳು. ಹತ್ತನೆಯ ತರಗತಿಯವರೆಗೂ ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದೆ. ಪಿಯುಸಿ ವಿಜ್ಞಾನ ಜಗಳೂರಿನಲ್ಲಿ ಮುಗಿಯಿತು. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಸೇರಿ ಶೇ 64 ಬಂದಿದೆ. ಸಿಇಟಿಯಲ್ಲಿ ನರ್ಸಿಂಗ್ ರ‍್ಯಾಂಕ್ ಸಿಕ್ಕಿದೆ, ಆದರೆ ಅದು ಮುಂಚೂಣಿಯದಲ್ಲ.

ಅಜ್ಜಿಗೆ ಲಕ್ವ ಹೊಡೆದಾಗ ದಾವಣಗೆರೆಯ ಚಿಗಟೇರಿ ಆಸ್ಪತ್ರೆಯಲ್ಲಿ ನಾನೇ ಜೊತೆಗಿದ್ದೆ. ಅಲ್ಲಿನ ಸಿಸ್ಟರ್ ಒಬ್ಬರು ಎರಡು ಗಂಟೆಗೊಮ್ಮೆ ಬಂದು ಅಜ್ಜಿಯ ಮಗ್ಗುಲು ಬದಲಿಸುತ್ತಿದ್ದರು. ಹಾಗೆ ಮಾಡದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ ಎಂದು ಹೇಳಿ, ದಿಂಬು ಎಲ್ಲಿಡಬೇಕೆಂದು ನನಗೂ ಕಲಿಸಿದರು. ಅಜ್ಜಿಗೆ ಹುಣ್ಣಾಗಲಿಲ್ಲ. ಓದಿದರೆ ಇದನ್ನೇ ಓದಬೇಕೆಂದು ಆಗಲೇ ಮನಸ್ಸು ಮಾಡಿದೆ.

ಈಗಿನ ತೊಡಕು ಹೀಗಿದೆ. ಅಪ್ಪ ಮೆಕ್ಕೆಜೋಳ, ಈರುಳ್ಳಿ ಬೆಳೆಯುತ್ತಾರೆ, ದುಡ್ಡಿನ ಅನುಕೂಲ ಅಷ್ಟಕ್ಕಷ್ಟೆ. ಪರಿಚಯದವರ ಮೂಲಕ ಬಂದ ಏಜೆಂಟ್ ಒಬ್ಬರು, ‘ಸಿಇಟಿ ಎಲ್ಲ ಬೇಡ, ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಸೀಟು ಕೊಡಿಸುತ್ತೇನೆ, 25,000 ರೂಪಾಯಿ ಮುಂಗಡ ಮತ್ತು ಮೂಲ ಅಂಕಪಟ್ಟಿಗಳನ್ನು ಈ ವಾರವೇ ಕೊಡಿ’ ಎನ್ನುತ್ತಿದ್ದಾರೆ. ಚಿಕ್ಕಪ್ಪನಿಗೆ ರಾತ್ರಿ ಪಾಳಿಯದೇ ಚಿಂತೆ. ನನಗೆ ಇಂಗ್ಲಿಷಿನ ಭಯ. ಬಿ.ಎಸ್ಸಿ. ಸೇರಬೇಕೋ ಜಿಎನ್‌ಎಂ ಸೇರಬೇಕೋ? ಕಾಲೇಜುಗಳ ಆಯ್ಕೆಪಟ್ಟಿ ಹೇಗೆ ತುಂಬಬೇಕು? ಊರಿನಿಂದ ಬಸ್ಸಿನಲ್ಲಿ ಓಡಾಡಿಕೊಂಡು ಓದಲು ಆಗುತ್ತದೆಯೇ? ಓದಿದವರು ದಯವಿಟ್ಟು ತಿಳಿಸಿ.

ಕೋಟೆನಾಡಿನ ಸಿಸ್ಟರ್

ತಂಗಿ, ಮೊದಲು ಒಂದು ಮಾತು: ಆ ಏಜೆಂಟ್‌ಗೆ ಮೂಲ ಅಂಕಪಟ್ಟಿ ಕೊಡಬೇಡ. ಅಪ್ಪನ ಕೈಯಿಂದಲೂ ಕೊಡಿಸಬೇಡ. ನಿನ್ನ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿಗಳು ಇನ್ನೊಬ್ಬರ ಬೀರುವಿನೊಳಗೆ ಸೇರಿದವೆಂದರೆ, ನಾಳೆ ನಿನಗೆ ಒಳ್ಳೆಯ ಕಡೆ ಸೀಟು ಸಿಕ್ಕರೂ ಹೋಗುವಂತಿಲ್ಲ. ‘ದುಡ್ಡು ಕಟ್ಟಿ ಬಿಡಿಸಿಕೊಳ್ಳಿ’ ಎನ್ನುತ್ತಾರೆ. ನನ್ನ ಜೊತೆ ಪಿಯುಸಿ ಓದಿದ ಒಬ್ಬಳ ವರ್ಷವೇ ಹೀಗೆ ಹಾಳಾಯಿತು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಾನು ಭರಮಸಾಗರದ ಕಡೆಯವಳು. ದಾವಣಗೆರೆಯಲ್ಲಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಈಗ ಚಿತ್ರದುರ್ಗದಲ್ಲಿ ಶುಶ್ರೂಷಾಧಿಕಾರಿಯಾಗಿದ್ದೇನೆ. ನಿನ್ನ ಹಾಗೆಯೇ ಕನ್ನಡ ಮಾಧ್ಯಮದವಳು.

ಸಿಇಟಿ ರ‍್ಯಾಂಕ್ ಕೈಯಲ್ಲಿರುವಾಗ ಬಿ.ಎಸ್ಸಿ.ಗೇ ಪ್ರಯತ್ನಿಸು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ವಿಜ್ಞಾನ ವಿಷಯಗಳಲ್ಲಿ ಶೇ 45, ಪರಿಶಿಷ್ಟರಿಗೆ ಮತ್ತು ಹಿಂದುಳಿದ ವರ್ಗಗಳಿಗೆ ಶೇ 40 ಇದ್ದರೆ ಅರ್ಹತೆ ಉಂಟು. ಇಂಗ್ಲಿಷಿನಲ್ಲಿ ಪಾಸಾಗಿರಬೇಕು, ಆ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ನಿನಗೆ ಇವೆಲ್ಲವೂ ಇವೆ. ನಾಲ್ಕು ವರ್ಷ, ಎಂಟು ಸೆಮಿಸ್ಟರ್, ಪದವಿ ಕೊಡುವುದು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಜಿಎನ್‌ಎಂ ಮೂರು ವರ್ಷದ ಡಿಪ್ಲೊಮಾ. ಅದು ಕೀಳಲ್ಲ, ನನಗೆ ಹೆರಿಗೆ ಕೋಣೆಯ ಕೆಲಸ ಕಲಿಸಿದ ಇನ್‌ಚಾರ್ಜ್ ಸಿಸ್ಟರ್ ಜಿಎನ್‌ಎಂ ಓದಿದವರು, ಅವರ ಕೈಚಳಕ ಈಗಲೂ ನನಗೆ ಬಂದಿಲ್ಲ. ಆದರೆ ಮುಂದೆ ಬೋಧನೆಗೆ ಹೋಗಬೇಕು, ಎಂ.ಎಸ್ಸಿ. ಮಾಡಬೇಕು ಎನ್ನಿಸಿದಾಗ ಜಿಎನ್‌ಎಂ ಆದವರು ಮತ್ತೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಓದಬೇಕಾಗುತ್ತದೆ. ನೇರ ದಾರಿ ತೆರೆದಿರುವಾಗ ಸುತ್ತುದಾರಿ ಏಕೆ?

ಕಾಲೇಜು ಆರಿಸುವ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಕಟ್ಟಡ, ಬಣ್ಣಬಣ್ಣದ ಕೈಪಿಡಿ, ಹವಾನಿಯಂತ್ರಿತ ಪ್ರಯೋಗಾಲಯ ನೋಡಿ ಸೇರುತ್ತಾರೆ. ನೀನು ಆಸ್ಪತ್ರೆ ನೋಡಿ ಸೇರು. ಕಾಲೇಜಿಗೆ ತನ್ನದೇ ಆದ, ಕನಿಷ್ಠ 100 ಹಾಸಿಗೆಗಳ ಆಸ್ಪತ್ರೆ ಇರಬೇಕೆಂದು ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮ ಹೇಳುತ್ತದೆ. ಹಾಸಿಗೆ ಇದ್ದ ಮಾತ್ರಕ್ಕೆ ಸಾಲದು, ಅದರಲ್ಲಿ ರೋಗಿ ಇರಬೇಕು. ಅಪ್ಪನನ್ನು ಕರೆದುಕೊಂಡು ಬೆಳಿಗ್ಗೆ ಹತ್ತು ಗಂಟೆಗೆ ಹೋಗಿ ಹೊರರೋಗಿ ವಿಭಾಗದ ಮುಂದೆ ಅರ್ಧ ಗಂಟೆ ನಿಂತುಕೊ. ಚೀಟಿ ಮಾಡಿಸುವ ಸಾಲು ಎಷ್ಟುದ್ದ ಇದೆ? ಒಳಗೆ ವಾರ್ಡುಗಳು ತುಂಬಿವೆಯೇ? ಸಮವಸ್ತ್ರದಲ್ಲಿರುವ ಮೂರನೆಯ ವರ್ಷದ ಹುಡುಗಿಯೊಬ್ಬಳನ್ನು ಹಿಡಿದು ಕೇಳು: ‘ಅಕ್ಕ, ನಿಮಗೆ ಪೋಸ್ಟಿಂಗ್ (ಕೆಲಸ ಕಲಿಯುವ ಸರದಿ) ಎಲ್ಲೆಲ್ಲಿ ಹಾಕುತ್ತಾರೆ? ಹೆರಿಗೆ ಕೋಣೆಯಲ್ಲಿ ನಿಮ್ಮ ಕೈಗೆ ಕೆಲಸ ಕೊಡುತ್ತಾರೋ, ಗೋಡೆಗೆ ಒರಗಿ ನಿಂತು ನೋಡುವುದಷ್ಟೆಯೋ?’ ಆ ಹುಡುಗಿಯ ಉತ್ತರ ಯಾವ ಜಾಹೀರಾತಿನಲ್ಲಿಯೂ ಸಿಗುವುದಿಲ್ಲ.

ನಮ್ಮ ಕಡೆಯ ದೊಡ್ಡ ಆಸ್ಪತ್ರೆಗಳಲ್ಲಿ ಕಲಿಯಲು ಸಿಗುವಷ್ಟು ಬೇರೆ ಕಡೆ ಸಿಗುವುದು ಕಷ್ಟ. ದಾವಣಗೆರೆಗೆ ಹರಿಹರ, ಹೊನ್ನಾಳಿ, ಚನ್ನಗಿರಿ, ಹರಪನಹಳ್ಳಿಯಿಂದಲೂ ರೋಗಿಗಳು ಬರುತ್ತಾರೆ. ಚಿತ್ರದುರ್ಗಕ್ಕೆ ರಾಷ್ಟ್ರೀಯ ಹೆದ್ದಾರಿ 48ರ ಅಪಘಾತಗಳೆಲ್ಲ ಬರುತ್ತವೆ. ಬಿತ್ತನೆಯ ಕಾಲಕ್ಕೆ ಹಾವು ಕಚ್ಚಿದವರು, ಬೆಳೆಗೆ ಹೊಡೆಯುವ ಔಷಧ ಮೈಗೆ ಹತ್ತಿದವರು, ಸಾಲದ ಸಂಕಟಕ್ಕೆ ಅದನ್ನೇ ಕುಡಿದವರು. ಆರ್ಗನೊಫಾಸ್ಫೇಟ್ ಎಂಬ ಕೀಟನಾಶಕದ ವಿಷವೇರಿದವರ ಕಣ್ಣಪಾಪೆ ಸೂಜಿಮೊನೆಯಷ್ಟಾಗಿರುತ್ತದೆ, ಬಾಯಲ್ಲಿ ಜೊಲ್ಲು ಸುರಿಯುತ್ತದೆ, ಎದೆಯಲ್ಲಿ ಗೊರಗೊರ ಶಬ್ದ. ಅದಕ್ಕೆ ಮದ್ದಾದ ಅಟ್ರೋಪಿನ್ ಕೊಡುತ್ತಾ ಹೋದಂತೆ ನಾಡಿ ಎಷ್ಟಾಯಿತು, ಎದೆ ತಿಳಿಯಾಯಿತೇ, ಪಾಪೆ ಹಿಗ್ಗಿತೇ ಎಂದು ರಾತ್ರಿಯಿಡೀ ನೋಡಿ ಬರೆಯುವವಳು ನರ್ಸ್. ಮೂರನೆಯ ಸೆಮಿಸ್ಟರಿನಲ್ಲಿ ಔಷಧಶಾಸ್ತ್ರ ಓದುವಾಗ ಅಟ್ರೋಪಿನ್ ಎಂಬ ಹೆಸರು ಬರೀ ಹೆಸರು. ಅಂಥ ಒಬ್ಬ ರೋಗಿಯ ಪಕ್ಕದಲ್ಲಿ ಒಂದು ರಾತ್ರಿ ನಿಂತ ಮೇಲೆ ಅದನ್ನು ಯಾರೂ ಮರೆಯುವುದಿಲ್ಲ. ಇಂಥ ಕಲಿಕೆ ಖಾಲಿ ಆಸ್ಪತ್ರೆಯ ಕಾಲೇಜಿನಲ್ಲಿ ಸಿಗಲು ಸಾಧ್ಯವೇ ಇಲ್ಲ.

ಆಯ್ಕೆಪಟ್ಟಿ: ನಿನಗೆ ನಿಜವಾಗಿ ಬೇಕಾದ ಕಾಲೇಜನ್ನೇ ಮೊದಲು ಹಾಕು. ‘ನನ್ನ ರ‍್ಯಾಂಕಿಗೆ ಇದು ಸಿಗಲಾರದು’ ಎಂದು ಹಿಂದಕ್ಕೆ ಹಾಕಬೇಡ. ಮೇಲಿನದು ಸಿಗದಿದ್ದರೆ ಯಂತ್ರ ತಾನೇ ಕೆಳಗಿನದನ್ನು ನೋಡುತ್ತದೆ, ನಿನಗೆ ನಷ್ಟವಿಲ್ಲ. ಸೇರಲು ಮನಸ್ಸೇ ಇಲ್ಲದ ಕಾಲೇಜನ್ನು ಮಾತ್ರ ಪಟ್ಟಿಯಲ್ಲಿ ಇಡಬೇಡ. ಅಣಕು ಹಂಚಿಕೆ (ನಿಜವಾದ ಹಂಚಿಕೆಗೆ ಮುಂಚಿನ ಮಾದರಿ ಫಲಿತಾಂಶ) ಬಂದ ಮೇಲೆ ಕ್ರಮ ಬದಲಿಸಲು ಅವಕಾಶ ಇರುತ್ತದೆ. ಇನ್ನೊಂದು ಮುಖ್ಯ ವಿಷಯ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ. ನಿನಗೆ ಎರಡೂ ಅನ್ವಯಿಸುತ್ತವೆ. ಅರ್ಜಿಯಲ್ಲಿ ಅವನ್ನು ಕೇಳಿಕೊಂಡಿದ್ದೀಯಾ ನೋಡು. ಶಾಲೆಯ ಮುಖ್ಯ ಶಿಕ್ಷಕರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಇರುವ ಪ್ರಮಾಣಪತ್ರಗಳು ಸಿದ್ಧವಿರಲಿ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ನಾಡಕಚೇರಿಯಲ್ಲಿ ಸಿಗುತ್ತದೆ.

ಇಂಗ್ಲಿಷ್ ಕಷ್ಟವಾಗುವುದು ನಿಜ, ಮೊದಲ ಸೆಮಿಸ್ಟರಿನಲ್ಲಿ ಎಲ್ಲಕ್ಕಿಂತ ಹೆಚ್ಚು. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಮನಶ್ಶಾಸ್ತ್ರ, ಸಮಾಜಶಾಸ್ತ್ರ, ನರ್ಸಿಂಗ್ ಫೌಂಡೇಶನ್ ಎಲ್ಲವೂ ಒಟ್ಟಿಗೇ ಮೈಮೇಲೆ ಬೀಳುತ್ತವೆ. ನಾನು ಮಾಡಿದ ಉಪಾಯ ಹೇಳುತ್ತೇನೆ. ವೈದ್ಯಕೀಯ ಪದಗಳನ್ನು ಇಡಿಯಾಗಿ ಬಾಯಿಪಾಠ ಮಾಡದೆ ಒಡೆದು ಬರೆದುಕೊಳ್ಳುತ್ತಿದ್ದೆ. ಕೊನೆಯಲ್ಲಿ ‘ಐಟಿಸ್’ ಬಂದರೆ ಉರಿಯೂತ, ‘ಎಕ್ಟಮಿ’ ಬಂದರೆ ಕತ್ತರಿಸಿ ತೆಗೆಯುವುದು, ಮೊದಲಲ್ಲಿ ‘ಹೆಪಾ’ ಬಂದರೆ ಯಕೃತ್ತು, ‘ನೆಫ್ರ’ ಬಂದರೆ ಮೂತ್ರಪಿಂಡ. ಪುಸ್ತಕದಲ್ಲಿ ಹೊಸ ಪದ ಬಂದಾಗಲೆಲ್ಲ ಅಂಚಿನಲ್ಲಿ ಅದರ ತುಂಡುಗಳನ್ನು ಗುರುತು ಮಾಡುತ್ತಾ ಹೋದರೆ ಎರಡನೆಯ ಸೆಮಿಸ್ಟರಿನ ಹೊತ್ತಿಗೆ ಹೆದರಿಕೆ ಹೋಗುತ್ತದೆ. ಉತ್ತರವನ್ನು ಮೊದಲು ಕನ್ನಡದಲ್ಲಿ ಯಾರಿಗಾದರೂ ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ಸಣ್ಣ ಸಣ್ಣ ವಾಕ್ಯಗಳಲ್ಲಿ ಬರೆ. ಲೆಕ್ಕಕ್ಕೂ ಹೆದರಬೇಡ. ವೈದ್ಯರು 500 ಎಂಎಲ್ ಸಲೈನ್ ನಾಲ್ಕು ಗಂಟೆಯಲ್ಲಿ ಹೋಗಲಿ ಎಂದರು, ಡ್ರಿಪ್ ಸೆಟ್ ಎಂಎಲ್‌ಗೆ 20 ಹನಿಯದು ಎಂದುಕೊ. 500ನ್ನು 20ರಿಂದ ಗುಣಿಸಿ 240 ನಿಮಿಷಕ್ಕೆ ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ನಿನ್ನ ಊರಿನ ಶಾಲೆಯಲ್ಲಿ ಕಲಿತ ಗಣಿತ ಇದಕ್ಕೆ ಧಾರಾಳವಾಗಿ ಸಾಕು.

ವಾರ್ಡಿಗೆ ಕಾಲಿಟ್ಟ ದಿನದಿಂದ ನಿನ್ನ ಕನ್ನಡವೇ ನಿನ್ನ ಬಲ. ನಮ್ಮ ತರಗತಿಯಲ್ಲಿ ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ಬಂದವರಿದ್ದರು. ಓದಿನಲ್ಲಿ ಬಹಳ ಚುರುಕು. ಆದರೆ ಮೊಳಕಾಲ್ಮೂರಿನ ಅಜ್ಜಿಯೊಬ್ಬರು ‘ಎದೆ ಅವುಚಿದ ಹಾಗೆ ಆಗುತ್ತದೆ, ಎಡಗೈ ಸೆಳೆಯುತ್ತದೆ’ ಎಂದಾಗ ಅವರಿಗೆ ತಿಳಿಯುತ್ತಿರಲಿಲ್ಲ. ಇಸಿಜಿ ಮಾಡಿಸಬೇಕೆಂದು ಓಡುವುದು ಆ ಮಾತು ತಿಳಿದವರಿಗೆ ಮಾತ್ರ ಸಾಧ್ಯ. ಅವರು ನನ್ನ ಇಂಗ್ಲಿಷ್ ತಿದ್ದಿದರು, ನಾನು ಅವರಿಗೆ ರೋಗಿಯ ಮಾತು ತಿಳಿಸಿದೆ. ಹೀಗೆ ನಾಲ್ಕು ವರ್ಷ ಕಳೆದೆವು.

ಓಡಾಟದ ವಿಷಯ. ಶಕ್ತಿ ಯೋಜನೆಯಿಂದಾಗಿ ಸರ್ಕಾರಿ ಬಸ್ಸಿನಲ್ಲಿ ನಿನಗೆ ಟಿಕೆಟ್ಟಿನ ಖರ್ಚಿಲ್ಲ. ಆದರೂ ಜಗಳೂರಿನಿಂದ ದಿನಾ ಓಡಾಡು ಎಂದು ನಾನು ಹೇಳುವುದಿಲ್ಲ. ಪೋಸ್ಟಿಂಗ್ ಬೆಳಗಿನ ಹೊತ್ತೇ ಶುರುವಾಗುತ್ತದೆ; ನಿನ್ನ ಹಳ್ಳಿಯಿಂದ ಜಗಳೂರಿಗೆ, ಅಲ್ಲಿಂದ ದಾವಣಗೆರೆಗೆ ಎಂದರೆ ಐದು ಗಂಟೆಗೇ ಮನೆ ಬಿಡಬೇಕು. ಸಂಜೆ ಬಂದು ಕೇಸ್ ಸ್ಟಡಿ ಬರೆಯಲು ಕಣ್ಣು ತೆರೆಯುವುದಿಲ್ಲ. ಹಿಂದುಳಿದ ವರ್ಗಗಳ ಅಥವಾ ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಕ್ಕೆ ಈಗಲೇ ಅರ್ಜಿ ಹಾಕು. ಹಿಂದುಳಿದ ವರ್ಗದವಳಾಗಿದ್ದು ಹಾಸ್ಟೆಲ್ ಸಿಗದಿದ್ದರೆ ಊಟ ವಸತಿಗೆ ಸರ್ಕಾರ ಕೊಡುವ ವಿದ್ಯಾಸಿರಿ ಸಹಾಯಧನ ಇದೆ, ಹತ್ತು ತಿಂಗಳು ಸಿಗುತ್ತದೆ. ಎರಡಕ್ಕೂ ಸರ್ಕಾರದ ಜಾಲತಾಣದಲ್ಲಿಯೇ ಅರ್ಜಿ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ನಿನ್ನ ಹೆಸರಿನಲ್ಲೇ ಇರಬೇಕು.

ಚಿಕ್ಕಪ್ಪನವರಿಗೆ ನನ್ನ ನಮಸ್ಕಾರ ತಿಳಿಸು. ರಾತ್ರಿ ಪಾಳಿ ಇದ್ದೇ ಇರುತ್ತದೆ, ಇಲ್ಲವೆಂದು ಸುಳ್ಳು ಹೇಳಲಾರೆ. ವಿದ್ಯಾರ್ಥಿನಿಯರು ಗುಂಪಿನಲ್ಲಿಯೇ ಹೋಗುತ್ತಾರೆ, ಗುಂಪಿನಲ್ಲಿಯೇ ಬರುತ್ತಾರೆ, ವಾರ್ಡಿನಲ್ಲಿ ಹಿರಿಯ ಸಿಸ್ಟರ್ ಇರುತ್ತಾರೆ. ಮನೆಯ ಅಜ್ಜಿಯ ಮಗ್ಗುಲು ಬದಲಿಸಲು ರಾತ್ರಿ ಎರಡು ಗಂಟೆಗೆ ಎದ್ದು ಬಂದವರೂ ಯಾರದೋ ಮನೆಯ ಮಗಳೇ ಎಂಬುದನ್ನು ಅವರು ಒಮ್ಮೆ ಯೋಚಿಸಲಿ.

ಬೋಧಕಿ, ದಾವಣಗೆರೆ

ಮೇಲಿನ ಸಿಸ್ಟರ್ ಹೇಳಿದ್ದೆಲ್ಲ ಸರಿ. ತರಗತಿಯಲ್ಲಿ ನಿಂತು ಕಲಿಸುವವಳಾಗಿ ಕೆಲವು ಮಾತು ಸೇರಿಸುತ್ತೇನೆ, ಏಕೆಂದರೆ ಸೀಟು ಪಡೆದವರೆಲ್ಲ ಪದವಿ ಪಡೆಯುವುದಿಲ್ಲ.

2021–22ರಿಂದ ಜಾರಿಯಲ್ಲಿರುವ ಪಠ್ಯಕ್ರಮದಲ್ಲಿ ಪರೀಕ್ಷೆಗೆ ಕೂರಲು ಪ್ರತಿ ವಿಷಯದಲ್ಲಿಯೂ ಶೇ 80 ಹಾಜರಿ ಬೇಕು. ಪ್ರಾಯೋಗಿಕ ಮತ್ತು ಕ್ಲಿನಿಕಲ್ ಗಂಟೆಗಳನ್ನಂತೂ ಪದವಿ ಕೈಗೆ ಬರುವುದರೊಳಗೆ ಶೇ 100 ಪೂರೈಸಲೇಬೇಕು. ತಂಗಿಯ ಮದುವೆ, ಊರ ಜಾತ್ರೆ, ಈರುಳ್ಳಿ ಕಟಾವು ಎಂದು ರಜೆ ಹಾಕಿದ ದಿನಗಳೆಲ್ಲ ಕೊನೆಯಲ್ಲಿ ಸಾಲದ ಹಾಗೆ ನಿಂತಿರುತ್ತವೆ. ಗೆಳತಿಯರೆಲ್ಲ ಮನೆಗೆ ಹೋದ ಮೇಲೆ ಒಬ್ಬಳೇ ಕುಳಿತು ಆ ಗಂಟೆಗಳನ್ನು ತೀರಿಸಬೇಕಾಗುತ್ತದೆ. ನರ್ಸಿಂಗ್ ವಿಷಯಗಳಲ್ಲಿ ಲಿಖಿತ ಮತ್ತು ಪ್ರಾಯೋಗಿಕ ಎರಡರಲ್ಲಿಯೂ ಬೇರೆಬೇರೆಯಾಗಿ ಶೇ 50 ಬರಬೇಕು. ಎಷ್ಟೇ ಎಳೆದರೂ ಒಟ್ಟು ಎಂಟು ವರ್ಷದೊಳಗೆ ಮುಗಿಸಬೇಕು.

ದಾಖಲೆ ಪುಸ್ತಕಗಳನ್ನು ಅಂದಂದೇ ಬರೆಯಬೇಕು. ಪ್ರೊಸೀಜರ್ ಪುಸ್ತಕ, ಕೇರ್ ಪ್ಲಾನ್, ಔಷಧ ಪುಸ್ತಕ, ಮಿಡ್‌ವೈಫರಿ ಕೇಸ್ ಪುಸ್ತಕ. ಪರೀಕ್ಷೆಯ ಹಿಂದಿನ ವಾರ ಗೆಳತಿಯದನ್ನು ನಕಲು ಮಾಡುವವರನ್ನು ನಾನು ಪ್ರತಿವರ್ಷ ನೋಡುತ್ತೇನೆ. ಪರೀಕ್ಷಕರು ‘ನಿಮ್ಮ ರೋಗಿಯ ಹಿಮೋಗ್ಲೋಬಿನ್ ಎಷ್ಟಿತ್ತು?’ ಎಂದು ಕೇಳಿದ ಕೂಡಲೇ ಎಲ್ಲವೂ ಬಯಲಾಗುತ್ತದೆ.

ಸಮುದಾಯ ಆರೋಗ್ಯದ ಪೋಸ್ಟಿಂಗನ್ನು ಹಗುರವಾಗಿ ಕಾಣಬೇಡ. ಅಂಗನವಾಡಿ, ಆಶಾ ಕಾರ್ಯಕರ್ತೆ, ಪ್ರಾಥಮಿಕ ಆರೋಗ್ಯ ಕೇಂದ್ರ ಎಂದರೆ ಪಟ್ಟಣದ ಮಕ್ಕಳಿಗೆ ಪಾಠ, ನಿನಗೆ ಮನೆ. ಜಗಳೂರಿನ ಬೋರ್‌ವೆಲ್ ನೀರಿನ ಫ್ಲೋರೈಡ್ ಹಲ್ಲಿಗೆ, ಮೂಳೆಗೆ ಏನು ಮಾಡುತ್ತದೆ ಎಂಬುದನ್ನು ನೀನು ಪುಸ್ತಕ ಬಿಚ್ಚುವ ಮೊದಲೇ ಕಂಡಿದ್ದೀಯೆ. ಏಳನೆಯ ಸೆಮಿಸ್ಟರಿನಲ್ಲಿ ಸಂಶೋಧನೆಯ ವಿಷಯ ಬರುತ್ತದೆ. ಆಗ ನಿನ್ನ ಊರನ್ನೇ ತೆಗೆದುಕೊ.

ಹೊಸದುರ್ಗದವನು

ನಾನು ಗಂಡು ನರ್ಸ್, ಜಿಎನ್‌ಎಂ ಓದಿದವನು. ಪಿಯುಸಿಯಲ್ಲಿ ಕಲಾ ವಿಭಾಗ ಇದ್ದುದರಿಂದ ಬಿ.ಎಸ್ಸಿ.ಗೆ ಅರ್ಹತೆ ಇರಲಿಲ್ಲ. ಜಿಎನ್‌ಎಂಗೆ ಯಾವ ವಿಭಾಗದವರಾದರೂ ಶೇ 40 ಪಡೆದು ಇಂಗ್ಲಿಷಿನಲ್ಲಿ ಪಾಸಾಗಿದ್ದರೆ ಸಾಕು. ಇದನ್ನು ಓದುತ್ತಿರುವ ಕಲಾ ವಿಭಾಗದ ತಮ್ಮ ತಂಗಿಯರು ಯಾರಾದರೂ ಇದ್ದರೆ ಬೇಸರಪಟ್ಟುಕೊಳ್ಳಬೇಡಿ.

ಜಗಳೂರಿನ ತಂಗಿಗೆ ದುಡ್ಡಿನ ಬಗ್ಗೆ ಒಂದು ಮಾತು. ನಾಲ್ಕು ಲಕ್ಷ ರೂಪಾಯಿವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಅಡಮಾನ ಕೇಳುವಂತಿಲ್ಲ, ಅಪ್ಪ ಸಹಸಾಲಗಾರರಾಗಿ ಸಹಿ ಹಾಕಿದರೆ ಸಾಕು. ಹೊಲದ ಪಹಣಿ ಹಿಡಿದು ಕೈಸಾಲಕ್ಕೆ ಅಲೆಯುವುದು ಬೇಡ. ಓದು ಮುಗಿದ ಮೇಲೆ ಏಮ್ಸ್ ಸಂಸ್ಥೆಗಳಿಗೆ ನೇಮಕ ಮಾಡಿಕೊಳ್ಳುವ ನಾರ್ಸೆಟ್ ಪರೀಕ್ಷೆ ಇದೆ. ಅದಕ್ಕೆ ನನ್ನಂಥ ಜಿಎನ್‌ಎಂನವರು 50 ಹಾಸಿಗೆಗಳ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿದ ಅನುಭವ ತೋರಿಸಬೇಕು, ಬಿ.ಎಸ್ಸಿ. ನರ್ಸಿಂಗ್ ಮುಗಿಸಿದವರು ನೇರವಾಗಿ ಬರೆಯಬಹುದು. ಅಲ್ಲಿ ಶೇ 80 ಹುದ್ದೆಗಳು ಮಹಿಳೆಯರಿಗೆ.

ಜಗಳೂರಿನ ಹುಡುಗಿ

ಎಲ್ಲರಿಗೂ ಕೈಮುಗಿದು ವಂದನೆಗಳು. ಏಜೆಂಟ್‌ಗೆ ಬೇಡವೆಂದು ಅಪ್ಪ ಹೇಳಿಬಿಟ್ಟರು. ಕೋಟೆನಾಡಿನ ಅಕ್ಕ, ನೀವು ಹೇಳಿದ ಹಾಗೆ ಅಪ್ಪನೂ ನಾನೂ ದಾವಣಗೆರೆಗೆ ಹೋಗಿ ಎರಡು ಆಸ್ಪತ್ರೆ ನೋಡಿಕೊಂಡು ಬಂದೆವು. ಒಂದರಲ್ಲಿ ಕಾಲಿಡಲು ಜಾಗವಿರಲಿಲ್ಲ. ಇನ್ನೊಂದರಲ್ಲಿ ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು, ರೋಗಿಗಳೇ ಕಾಣಲಿಲ್ಲ. ಎರಡನೆಯದನ್ನು ಪಟ್ಟಿಯಿಂದ ತೆಗೆದೆ.

ಮೊದಲ ಸುತ್ತಿನಲ್ಲಿ ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಸೀಟು ಸಿಕ್ಕಿದೆ. ದಾವಣಗೆರೆಯ ಕಾಲೇಜು ಅದಕ್ಕಿಂತ ಮೇಲಿನ ಆಯ್ಕೆಯಲ್ಲಿದೆ. ಈ ಸೀಟನ್ನು ಏನು ಮಾಡುತ್ತೀರಿ ಎಂದು ಜಾಲತಾಣ ಕೇಳುವ ನಾಲ್ಕು ಆಯ್ಕೆಗಳಲ್ಲಿ ಈಗ ಯಾವುದನ್ನು ಒತ್ತಲಿ? ಚಿಕ್ಕಪ್ಪ ಇನ್ನೂ ಮಾತಾಡಿಲ್ಲ, ಆದರೆ ಬೇಡವೆಂದೂ ಹೇಳಿಲ್ಲ.

ಕೋಟೆನಾಡಿನ ಸಿಸ್ಟರ್

ಬಹಳ ಸಂತೋಷವಾಯಿತು ತಂಗಿ!

ಎರಡನೆಯ ಆಯ್ಕೆ ಒತ್ತು. ಅದರ ಅರ್ಥ, ಸಿಕ್ಕಿರುವ ಸೀಟು ಒಪ್ಪಿಗೆ, ಆದರೆ ಮೇಲಿನದು ಸಿಕ್ಕರೆ ಅದೂ ಬೇಕು. ಶುಲ್ಕ ಕಟ್ಟಿ ಚಿತ್ರದುರ್ಗದ ಸೀಟನ್ನು ಉಳಿಸಿಕೊಂಡು ಮುಂದಿನ ಸುತ್ತಿಗೆ ಕಾಯಬಹುದು. ಒಂದು ಎಚ್ಚರಿಕೆ: ಮುಂದಿನ ಸುತ್ತಿನಲ್ಲಿ ದಾವಣಗೆರೆ ಸಿಕ್ಕಿತೆಂದರೆ ಚಿತ್ರದುರ್ಗದ ಸೀಟು ತಾನಾಗಿ ರದ್ದಾಗುತ್ತದೆ, ಮತ್ತೆ ಅದೇ ಬೇಕೆಂದರೆ ಸಿಗುವುದಿಲ್ಲ. ಆದ್ದರಿಂದ ಪಟ್ಟಿಯಲ್ಲಿ ಚಿತ್ರದುರ್ಗಕ್ಕಿಂತ ಮೇಲೆ ಇರುವ ಕಾಲೇಜುಗಳೆಲ್ಲ ನಿಜವಾಗಿಯೂ ನಿನಗೆ ಬೇಕಾದವೇ ಎಂದು ಇಂದೇ ಇನ್ನೊಮ್ಮೆ ನೋಡಿಕೊ. ಮೂರನೆಯದನ್ನು ಒತ್ತಿದರೆ ಕೈಯಲ್ಲಿರುವುದನ್ನು ಬಿಟ್ಟು ಬರೀ ಆಸೆಯ ಮೇಲೆ ಕುಳಿತ ಹಾಗೆ. ನಾಲ್ಕನೆಯದು ಪ್ರಕ್ರಿಯೆಯಿಂದಲೇ ಹೊರಗೆ. ಅವೆರಡನ್ನೂ ಮುಟ್ಟಬೇಡ. ಕೊನೆಯ ದಿನದವರೆಗೆ ಕಾಯಬೇಡ, ಜಗಳೂರಿನಲ್ಲಿ ವಿದ್ಯುತ್ ಹೋದರೆ ಸೈಬರ್ ಕೇಂದ್ರದವರೂ ಏನೂ ಮಾಡಲಾರರು.

ಸೇರುವ ದಿನ ಮೂಲ ದಾಖಲೆಗಳನ್ನು ಕೊಡುವ ಮುಂಚೆ ಪ್ರತಿಯೊಂದರ ನಾಲ್ಕು ಜೆರಾಕ್ಸ್ ತೆಗೆಸಿಕೊ. ಕಾಲೇಜು ಯಾವ ಯಾವ ಮೂಲ ಪ್ರತಿ ಪಡೆಯಿತು ಎಂದು ಮೊಹರು ಹಾಕಿದ ಪಟ್ಟಿ ಕೇಳಿ ಪಡೆ. ಸಮವಸ್ತ್ರ, ಪುಸ್ತಕ, ಪರೀಕ್ಷಾ ಶುಲ್ಕ, ಹೊರಊರಿನ ಪೋಸ್ಟಿಂಗ್ ಖರ್ಚು ಎಂದು ಆಮೇಲೆ ಬರುವ ಮೊತ್ತಗಳನ್ನೂ ಅಪ್ಪ ಅಂದೇ ಬರವಣಿಗೆಯಲ್ಲಿ ಕೇಳಲಿ. ಮಾನಸಿಕ ಆರೋಗ್ಯದ ಪೋಸ್ಟಿಂಗ್‌ಗೆ ನಮ್ಮನ್ನು ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆಗೆ ಕಳುಹಿಸಿದ್ದರು. ಬಹಳ ಕಲಿತು ಬಂದೆವು, ಆದರೆ ಊಟ ವಸತಿಯ ಖರ್ಚು ಒಮ್ಮೆಲೇ ಬಂದು ಕೆಲವು ಮನೆಗಳಲ್ಲಿ ಕಷ್ಟವಾಯಿತು.

ನಾಲ್ಕು ವರ್ಷದ ನಂತರದ ಒಂದು ಕೆಲಸವನ್ನೂ ಈಗಲೇ ಬರೆದಿಟ್ಟುಕೊ. ಪದವಿ ಪತ್ರ ಬಂದ ಮಾತ್ರಕ್ಕೆ ನರ್ಸ್ ಆಗುವುದಿಲ್ಲ. ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನರ್ಸ್ ಮತ್ತು ಮಿಡ್‌ವೈಫ್ ಎಂದು ನೋಂದಣಿ ಆಗಬೇಕು. ಆ ಸಂಖ್ಯೆ ಇಲ್ಲದೆ ಸರ್ಕಾರಿ ಕೆಲಸಕ್ಕೂ ಅರ್ಜಿ ಹಾಕಲಾಗದು. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿರುವ ನಿನ್ನ ಹೆಸರು, ತಂದೆಯ ಹೆಸರು, ಆಧಾರ್‌ನಲ್ಲಿರುವುದು, ಕಾಲೇಜಿನ ದಾಖಲೆಯಲ್ಲಿ ಬರೆಯುವುದು ಇವೆಲ್ಲ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಇನಿಷಿಯಲ್ ಮುಂದೆಯೋ ಹಿಂದೆಯೋ ಎಂಬಷ್ಟಕ್ಕೇ ನೋಂದಣಿಯ ವೇಳೆ ತಿಂಗಳುಗಟ್ಟಲೆ ಅಲೆದವರಿದ್ದಾರೆ. ಆಧಾರ್‌ನಲ್ಲಿ ವ್ಯತ್ಯಾಸವಿದ್ದರೆ ಸೇರುವ ಮುಂಚೆಯೇ ಸರಿಪಡಿಸಿಕೊ.

ಚಿತ್ರದುರ್ಗವೇ ಉಳಿದರೆ ಇಲ್ಲಿಯೇ ಬರೆದು ತಿಳಿಸು, ಹಾಸ್ಟೆಲ್ ಸಿಗುವವರೆಗೆ ಎಲ್ಲಿ ಉಳಿದುಕೊಳ್ಳಬಹುದೆಂದು ಹುಡುಕೋಣ. ನನ್ನ ಅಂಗರಚನಾಶಾಸ್ತ್ರದ ಪುಸ್ತಕ, ಬಿಪಿ ನೋಡುವ ಉಪಕರಣ ಎರಡೂ ಚೆನ್ನಾಗಿವೆ, ನಿನಗೆ ಕೊಡುತ್ತೇನೆ. ಹೊಸದು ಕೊಳ್ಳಬೇಡ.